ಕಂಬ ಅಳೆಯಿರಿ, ಆಮೇಲೆ ಬಾವುಟ ಕೊಳ್ಳಿರಿ

ಆಗಸ್ಟ್ 15ರಂದು ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಹಾರಿದ ಬಾವುಟ ಸಂಜೆ ಹಸಿಯಾಗಿಯೇ ಕಪಾಟು ಸೇರುತ್ತದೆ. ಜನವರಿ 25ರ ರಾತ್ರಿ ಬಿಚ್ಚಿ ನೋಡಿದರೆ ಬಿಳಿ ಪಟ್ಟಿಯ ಮೇಲೆ ಕೇಸರಿ ಕಲೆ, ಮಡಿಕೆಗುಂಟ ಕಪ್ಪು ಬೂಸ್ಟು. ಶಾಲೆ, ಸೊಸೈಟಿ, ಪಂಚಾಯಿತಿಗಳ ಈ ಪಜೀತಿ ತಪ್ಪಬೇಕಾದರೆ ಕೊಳ್ಳುವಾಗ ಒಮ್ಮೆ, ಒಣಗಿಸುವಾಗ ಒಮ್ಮೆ ಎಚ್ಚರವಿದ್ದರೆ ಆಯಿತು.

ಮೊದಲು ಕಂಬ

ಏಣಿ ಬೇಡ. ಕಂಬದ ಹಗ್ಗಕ್ಕೆ ಸುತಳಿಯ ತುದಿ ಕಟ್ಟಿ ರಾಟೆಯವರೆಗೆ ಏರಿಸಿ, ಕಟ್ಟೆಯ ಮಟ್ಟಕ್ಕೆ ಸುತಳಿಗೆ ಗಂಟು ಹಾಕಿ ಗುರುತು ಮಾಡಿ, ಇಳಿಸಿ ಅಳೆಯಿರಿ. ಬಾವುಟದ ಉದ್ದ ಕಂಬದ ಎತ್ತರದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. ಬೆಳಗಾವಿ ಕೋಟೆ ಕೆರೆಯ 110 ಮೀಟರ್ (ಸುಮಾರು 360 ಅಡಿ) ಕಂಬಕ್ಕೆ 120 ಅಡಿ ಉದ್ದ, 80 ಅಡಿ ಅಗಲದ ಬಾವುಟ. ಅದೂ ಮೂರನೇ ಒಂದರ ಲೆಕ್ಕವೇ. ಮಳೆಗಾಲದ ಗಾಳಿ ಬೀಸುವ ಊರಲ್ಲಿ ಕಾಲು ಭಾಗ ದಾಟಬೇಡಿ. 12 ಅಡಿ ಕಂಬಕ್ಕೆ 900×600 ಮಿಲಿಮೀಟರ್ (ಅಂಗಡಿಯವರ ಮಾತಲ್ಲಿ, ಅಡಿಯ ಲೆಕ್ಕದಲ್ಲಿ, ಮೂರು-ಎರಡು), 18ರಿಂದ 20 ಅಡಿಗೆ 1350×900, 24-25 ಅಡಿಗೆ 1800×1200. ‘ದೊಡ್ಡದಿರಲಿ’ ಎಂದು 20 ಅಡಿಯ ಕಂಬಕ್ಕೆ ಆರು-ನಾಲ್ಕರ ಬಾವುಟ ತಂದರೆ ಗಾಳಿಗೆ ಸಿಗುವ ಬಟ್ಟೆ ಹದಿಮೂರೂವರೆ ಚದರ ಅಡಿಯಿಂದ 24ಕ್ಕೆ ಏರುತ್ತದೆ. ಮಳೆ ಬಂದರೆ ಅಷ್ಟೂ ಬಟ್ಟೆ ಕಂಬಕ್ಕೆ ಸುತ್ತಿಕೊಂಡು ಜೋತುಬೀಳುತ್ತದೆ. ಪಕ್ಕದಲ್ಲಿ ಬೇವಿನ ಟೊಂಗೆಯಿದ್ದರೆ ಕಡಿಸಿ. ಇಲ್ಲದಿದ್ದರೆ ಬಾವುಟದ ತುದಿ ಒಂದೇ ದಿನದಲ್ಲಿ ಚಿಂದಿಯಾಗುತ್ತದೆ.

ಕೊಳ್ಳುವಾಗ ಟೇಪ್ ಜೊತೆಗಿರಲಿ

2002ರ ಧ್ವಜ ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ, ಎಲ್ಲವೂ 3:2. ಐದು-ಮೂರರ ಬಾವುಟ ಅದರಲ್ಲಿಲ್ಲ, ಎಷ್ಟೇ ಅಗ್ಗವಾದರೂ ಬಿಡಿ. 900×600ರಲ್ಲಿ ಪ್ರತಿ ಪಟ್ಟಿ 20 ಸೆಂಟಿಮೀಟರ್, ಚಕ್ರದ ಅಡ್ಡಳತೆ ಹದಿನೆಂಟೂವರೆ. 1350×900ರಲ್ಲಿ ಪಟ್ಟಿ 30, ಚಕ್ರ 28. ಕಡ್ಡಿಗಳನ್ನು ಎಣಿಸಿ, 24 ಇರಬೇಕು. ಮಗುಚಿಯೂ ನೋಡಿ, ಚಕ್ರ ಎರಡೂ ಬದಿಗೆ ಸ್ಪಷ್ಟವಾಗಿರಬೇಕು. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್‌ಗೂ ಅವಕಾಶವಿದೆ, ಬೇಗ ಒಣಗುತ್ತದೆ ಎಂಬುದೂ ನಿಜ. ಆದರೂ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾವುಟವಾಗುವಾಗ, ಈ ಭಾಗದ ಸಂಸ್ಥೆಗಳು ಚಕ್ರ ಸೊಟ್ಟಗಾದ ಪಾಲಿಯೆಸ್ಟರ್ ತರುವುದಕ್ಕೆ ಅರ್ಥವಿಲ್ಲ.

ಏರಿಸುವುದು

ಕೇಸರಿ ಮೇಲೆ. ಚುರುಕಾಗಿ ಏರಿಸಿ, ನಿಧಾನವಾಗಿ ಇಳಿಸಿ. ಒಳಗೆ ಹೂವಿನ ಪಕಳೆ ಇಡಲು ಅಡ್ಡಿಯಿಲ್ಲ. ಅದೇ ಕಂಬಕ್ಕೆ ಬೇರೆ ಬಾವುಟ ಬೇಡ. ರಾಜ್ಯೋತ್ಸವದ ಹಳದಿ-ಕೆಂಪು ಬಾವುಟಕ್ಕೆ ಬೇರೆ ಕಂಬ ನೆಡಿ. 2022ರ ಜುಲೈನಿಂದ ಹಗಲು-ರಾತ್ರಿ ಹಾರಿಸಲು ಅನುಮತಿಯಿದೆ. ಹಾಗೆ ಹಾರಿದ್ದು ಬೇಗ ಸವೆಯುತ್ತದೆ, ಸಂಜೆ ಇಳಿಸುವುದೇ ಒಳ್ಳೆಯದು.

ಒಗೆದು ಒಣಗಿಸುವುದು

ಎಡವುವುದು ಇಲ್ಲೇ. ಇಳಿಸಿದ ಕೂಡಲೇ ಹಗ್ಗ, ಕಬ್ಬಿಣದ ಹುಕ್ ಬಿಚ್ಚಿಡಿ, ಇಲ್ಲದಿದ್ದರೆ ತುಕ್ಕಿನ ಕಲೆ ಕೂರುತ್ತದೆ, ಮತ್ತೆ ಹೋಗುವುದಿಲ್ಲ. ಒಗೆಯುವ ಮುನ್ನ ಒದ್ದೆ ಬಿಳಿ ಬಟ್ಟೆಯಿಂದ ಕೇಸರಿ, ಹಸಿರು ಅಂಚುಗಳ ಒಳಮಡಿಕೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ನೆನೆಹಾಕಬೇಡಿ, ತಣ್ಣೀರಲ್ಲಿ ಅದ್ದಿ ತಕ್ಷಣ ತೆಗೆಯಿರಿ. ಉಪ್ಪು ನೀರು ಬಣ್ಣ ಕಟ್ಟುತ್ತದೆ ಎಂಬುದು ಬರೀ ನಂಬಿಕೆ. ಬ್ಲೀಚಿಂಗ್ ಪುಡಿ, ನೀಲಿ, ಗಂಜಿ ಮೂರೂ ಬೇಡ. ಗಂಜಿ ಹುಳುಗಳಿಗೆ ಊಟ. ವಿಜಯಪುರದ ಕಡೆ ಬೋರಿನ ಗಡಸು ನೀರಾದರೆ ಸೋಪು ಜಾಲಾಡಿದರೂ ಬಿಳಿ ಪುಡಿಯಾಗಿ ಉಳಿಯುತ್ತದೆ, ಕೊನೆಯ ನೀರು ನಲ್ಲಿಯದ್ದೋ ಮಳೆಯದ್ದೋ ಇರಲಿ.

ಹಿಂಡಬೇಡಿ. ಹಳೆಯ ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿರಿ. ಆಮೇಲೆ ನೇತುಹಾಕುವ ದಿಕ್ಕು ನೋಡಿಕೊಳ್ಳಿ. ಕೇಸರಿ ಮೇಲೆ ಬರುವಂತೆ ಹಾಕಿದರೆ ಬಣ್ಣದ ನೀರು ಬಿಳಿಯ ಮೇಲೆ ಹರಿಯುತ್ತದೆ. ಹಗ್ಗ ಪೋಣಿಸುವ ದಪ್ಪ ಪಟ್ಟಿಯ ಬದಿ ಮೇಲಾಗಲಿ. ಆಗ ಮೂರೂ ಬಣ್ಣ ಮೇಲಿನಿಂದ ಕೆಳಗೆ ಉದ್ದಕ್ಕೆ ನಿಂತು, ಕೇಸರಿಯ ನೀರು ಕೇಸರಿಯಲ್ಲೇ, ಹಸಿರಿನದು ಹಸಿರಲ್ಲೇ ಇಳಿಯುತ್ತದೆ. ಒಳಗೆ ಫ್ಯಾನಿನ ಕೆಳಗೆ ಒಣಗಿಸಿ, ಬಿಸಿಲಿಗೆ ಬಣ್ಣ ಮಾಸುತ್ತದೆ. ಒಣಗಿತೇ ಎಂದು ನಡುವಿನ ಬಟ್ಟೆ ಮುಟ್ಟಿ ತೀರ್ಮಾನಿಸಬೇಡಿ. ಆ ದಪ್ಪ ಪಟ್ಟಿಯನ್ನು ಬೆರಳಲ್ಲಿ ಹಿಚುಕಿ, ಕೆನ್ನೆಗೆ ಒತ್ತಿ ನೋಡಿ. ತಣ್ಣಗೆನಿಸಿದರೆ ಇನ್ನೂ ಹಸಿಯಿದೆ, ಮತ್ತೊಂದು ರಾತ್ರಿ ಬಿಡಿ. ಬೂಸ್ಟು ಹುಟ್ಟುವುದು ಆ ಪಟ್ಟಿಯಿಂದಲೇ.

ಮಡಚಿ ಇಡುವುದು

ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಮಡಚಿ, ನಂತರ ಎರಡೂ ಬದಿಯಿಂದ ಒಳಕ್ಕೆ ಮಡಚಿದರೆ ಚಕ್ರ ಮೇಲುಳಿಯುತ್ತದೆ. ಹಳೆಯ ಧೋತರದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಅಲ್ಲ. ನುಸಿಗುಳಿಗೆ ಬಟ್ಟೆಗೆ ತಾಗದಂತೆ ಪುಟ್ಟ ಗಂಟಿನಲ್ಲಿರಲಿ.

ಜನವರಿ ಮೊದಲ ವಾರವೇ ತೆಗೆದು ಹಾರುವ ತುದಿ ಪರೀಕ್ಷಿಸಿ. ಒಂದೆರಡು ದಾರ ಬಿಚ್ಚಿದ್ದರೆ ಆಯಾ ಬಣ್ಣದ ದಾರದಲ್ಲಿ ಹೊಲಿಯಬಹುದು. ಹರಿದ ಭಾಗ ಕತ್ತರಿಸಿ ಅಂಚು ಮಡಚುವ ದರ್ಜಿಯ ಉಪಾಯ ಬೇಡ, 3:2 ಕೆಡುತ್ತದೆ. ಹರಿದದ್ದನ್ನು ಏರಿಸುವಂತಿಲ್ಲ, ಒರೆಸುಬಟ್ಟೆ ಮಾಡುವಂತೆಯೂ ಇಲ್ಲ. ಜನರ ಕಣ್ಣಿಗೆ ಬೀಳದ ಜಾಗದಲ್ಲಿ, ತುಂಡು ಮಾಡದೆ, ಇಡಿಯಾಗಿ ಸುಟ್ಟುಬಿಡಿ.