ನಾಲ್ಕನೇ ತರಗತಿಯ ಮಕ್ಕಳು, ಅಂಗಳದಲ್ಲಿ ಒಂದು ಕೋಲು

ಬೆಳಿಗ್ಗೆ ಹತ್ತು ಗಂಟೆಗೆ ಒಂದು ಗುಂಪು ಕೋಲಿನ ನೆರಳನ್ನು ಅಳೆದು 86 ಸೆಂಟಿಮೀಟರ್ ಅಂತ ಬರೆಯಿತು. ಒಂದು ನಿಮಿಷ ಕಳೆದ ಮೇಲೆ ಇನ್ನೊಂದು ಗುಂಪು ಅದೇ ನೆರಳನ್ನು ಅಳೆದು 87 ಅಂದಿತು.

"ಅಷ್ಟರಲ್ಲಿ ನೆರಳು ಸರಿದಿರ್ಬೇಕು ಮಿಸ್" ಅಂದ ಎರಡನೇ ಗುಂಪಿನ ಹುಡುಗ. ಪಕ್ಕದಲ್ಲಿದ್ದ ಹುಡುಗಿ ಒಪ್ಪಲಿಲ್ಲ. "ಬೆಳಿಗ್ಗೆಯಿಂದ ಚಿಕ್ಕದಾಗ್ತಾನೇ ಇದೆ. ಸರಿದಿದ್ರೆ ಕಡಿಮೆ ಬರ್ಬೇಕಿತ್ತು, ಜಾಸ್ತಿ ಹೇಗೆ ಬರುತ್ತೆ?"

ಮತ್ತೆ ಅಳೆದು ತೋರಿಸು ಅಂದೆ. ಅವನು ಟೇಪಿನ 1 ಅನ್ನುವ ಗೆರೆಯನ್ನು ಕೋಲಿನ ಬುಡಕ್ಕೆ ಇಟ್ಟ. ಎಣಿಸುವುದು ಒಂದರಿಂದ ಅಲ್ವಾ, ಅದಕ್ಕೇ. ಗಣಿತದ ಪುಸ್ತಕದಲ್ಲಿ ಇದೇ ಹುಡುಗ ಅಳತೆಯ ಲೆಕ್ಕವನ್ನೆಲ್ಲ ಸರಿ ಮಾಡಿದ್ದ. ಪುಸ್ತಕದ ಚಿತ್ರದಲ್ಲಿ ಪೆನ್ಸಿಲನ್ನು ಮೊದಲೇ ಸೊನ್ನೆಗೆ ಸರಿಯಾಗಿ ಇಟ್ಟಿರುತ್ತಾರೆ. ತುದಿಯ ಸಂಖ್ಯೆ ಓದಿದರೆ ಉತ್ತರ ಸಿಕ್ಕಿಬಿಡುತ್ತದೆ. ಸೊನ್ನೆ ಎಲ್ಲಿಡಬೇಕು ಅನ್ನುವ ಪ್ರಶ್ನೆ ಅವನಿಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ.

ನಮ್ಮ ನಾಲ್ಕನೇ ತರಗತಿಗೆ ಭಾಷೆ, ಗಣಿತ, ವಿಜ್ಞಾನ, ಸಮಾಜ ನಾಲ್ಕನ್ನೂ ನಾನೇ ಕಲಿಸುತ್ತೇನೆ. ಪಾಠ ಮಾಡುವವಳು ಒಬ್ಬಳೇ ಆದರೂ, ಗಣಿತದಲ್ಲಿ ಕಲಿತದ್ದು ವಿಜ್ಞಾನದ ಹೊತ್ತಿಗೆ ಮಕ್ಕಳ ಕೈಗೆ ಸಿಗುತ್ತಿರಲಿಲ್ಲ. ಇದು ನನ್ನನ್ನು ತುಂಬಾ ದಿನ ಕಾಡಿತು. ರಜೆಯಲ್ಲಿ ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಲ್ಲ ವಿಷಯಗಳ ಪಾಠಗಳನ್ನೂ ವಾರದ ಲೆಕ್ಕದಲ್ಲಿ ಅಕ್ಕಪಕ್ಕ ಬರೆದೆ. ವಿಜ್ಞಾನದ ಎರಡನೇ ಪಾಠಕ್ಕೇ ಅಳತೆ ಬೇಕು. ಗಣಿತದಲ್ಲಿ ಅಳತೆ ಬರುವುದು ಆರನೇ ವಾರ. ಸಮಾಜದಲ್ಲಿ ದಿಕ್ಕುಗಳ ಪಾಠ ಜೂನ್‌ನಲ್ಲಿ ಮುಗಿಯುತ್ತದೆ, ಭೂಮಿ ತಿರುಗುವ ಪಾಠ ಬರುವಷ್ಟರಲ್ಲಿ ಮಕ್ಕಳು ಅದನ್ನು ಮರೆತಿರುತ್ತಾರೆ. ನಾನು ಪಾಠ ಕೂಡಿಸಲಿಲ್ಲ, ಕಳೆಯಲೂ ಇಲ್ಲ. ಹಿಂದುಮುಂದು ಮಾಡಿದೆ ಅಷ್ಟೇ. ಅಳತೆ, ಗಂಟೆ-ನಿಮಿಷ, ದಿಕ್ಕು, ಹಗಲು-ರಾತ್ರಿ, ವಿವರಣೆ ಬರೆಯುವುದು, ಇಷ್ಟನ್ನೂ ಒಂದೇ ತಿಂಗಳಿಗೆ ತಂದೆ. ಅಂಗಳದಲ್ಲಿ ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರ ನಿಲ್ಲುವ ಹಾಗೆ ಕೋಲು ನೆಟ್ಟೆವು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯಾ ಅಂತ ನೋಡಿದೆವು. ಒಂಬತ್ತರಿಂದ ಮೂರರವರೆಗೆ ಗಂಟೆಗೊಮ್ಮೆ, ಅಂದರೆ ದಿನಕ್ಕೆ ಏಳು ಗುರುತು.

ನೆರಳು ಯಾವಾಗ ಎಲ್ಲಕ್ಕಿಂತ ಚಿಕ್ಕದು ಅಂತ ಮೊದಲೇ ಕೇಳಿದ್ದೆ. ಇಡೀ ತರಗತಿ "ಹನ್ನೆರಡಕ್ಕೆ" ಅಂದಿತು. ಒಂದು ದಿನ 11:50ರಿಂದ ಹತ್ತು ನಿಮಿಷಕ್ಕೊಮ್ಮೆ ಅಳೆದೆವು. ಚಿಕ್ಕ ನೆರಳು ಬಿದ್ದದ್ದು 12:20ರ ಹೊತ್ತಿಗೆ. ಗಡಿಯಾರ ಕೆಟ್ಟಿದೆ ಅಂದರು. ಕೆಟ್ಟಿಲ್ಲ. ಗಡಿಯಾರದ ಹನ್ನೆರಡು ಅನ್ನುವುದು ಒಂದು ದೊಡ್ಡ ಪ್ರದೇಶದ ಜನರೆಲ್ಲ ಸೇರಿ ಇಟ್ಟುಕೊಂಡ ಹನ್ನೆರಡು. ಸೂರ್ಯ ಮಾತ್ರ ಪೂರ್ವದ ಊರಿನಲ್ಲಿ ಮೊದಲು, ಪಶ್ಚಿಮದ ಊರಿನಲ್ಲಿ ಆಮೇಲೆ ಎತ್ತರಕ್ಕೆ ಬರುತ್ತಾನೆ. ಭೂಮಿ ಒಂದು ಸುತ್ತಿಗೆ 360 ಡಿಗ್ರಿ ತಿರುಗುತ್ತದೆ, ಅದಕ್ಕೆ ಹಿಡಿಯುವುದು ಸುಮಾರು 24 ಗಂಟೆ. ಮಕ್ಕಳು 15ರ ಮಗ್ಗಿಯನ್ನು ಉದ್ದ ಬೆಳೆಸಿಕೊಂಡು ಹೋಗಿ, ಗಂಟೆಗೆ 15 ಡಿಗ್ರಿ ಅಂತ ಕಂಡುಹಿಡಿದರು. ಹಾಗಾದರೆ ಒಂದು ಡಿಗ್ರಿಗೆ 4 ನಿಮಿಷ, ಅಂದರೆ ಒಂದು ಡಿಗ್ರಿ ಪಶ್ಚಿಮಕ್ಕಿರುವ ಊರಿನಲ್ಲಿ ಸೂರ್ಯ 4 ನಿಮಿಷ ತಡವಾಗಿ ಎತ್ತರಕ್ಕೆ ಬರುತ್ತಾನೆ. ಮಗ್ಗಿ ಯಾಕೆ ಬೇಕು ಅಂತ ಅವತ್ತು ಯಾರೂ ಕೇಳಲಿಲ್ಲ.

ಇನ್ನೊಂದು ದಿನ ಮೋಡ ಕವಿದು, ಬೆಳಿಗ್ಗೆ ಗುರುತು ಹಾಕಲು ಆದದ್ದು 9:40ಕ್ಕೆ ಮತ್ತು 10:15ಕ್ಕೆ. ನಡುವೆ ಎಷ್ಟು ಹೊತ್ತು? ಅರ್ಧ ತರಗತಿ 75 ನಿಮಿಷ ಅಂತ ಬರೆಯಿತು. 1015ರಲ್ಲಿ 940 ಕಳೆದರೆ 75 ತಾನೇ. ಕಳೆಯುವ ಲೆಕ್ಕ ಅವರು ತಪ್ಪು ಮಾಡಿಲ್ಲ, ಒಂದು ಗಂಟೆ ಅಂದರೆ ನೂರು ನಿಮಿಷ ಅಂತ ತಿಳಿದು ದಶಕ ತೆಗೆದಿದ್ದಾರೆ. ನಾನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು 9:40, 10:00, 10:15 ಗುರುತಿಸಿದೆ. ಇಪ್ಪತ್ತು, ಆಮೇಲೆ ಹದಿನೈದು. 35 ನಿಮಿಷ. ಅವತ್ತಿನಿಂದ ಗಂಟೆ-ನಿಮಿಷದ ಲೆಕ್ಕವನ್ನು ಒಂದರ ಕೆಳಗೊಂದು ಬರೆಸುವುದನ್ನು ಬಿಟ್ಟೆ, ಗೆರೆಯ ಮೇಲೆ ಹೆಜ್ಜೆ ಹಾಕಿಸುತ್ತೇನೆ. ಎರಡು ವಾರದಲ್ಲಿ 75ರ ತಪ್ಪು ಹೆಚ್ಚುಕಡಿಮೆ ನಿಂತಿತು.

ಮೋಡದ ದಿನದ ಖಾಲಿ ಜಾಗವನ್ನು ಏನು ಮಾಡುವುದು ಅಂತಲೂ ಚರ್ಚೆ ಆಯಿತು. ಹನ್ನೊಂದರ ಅಳತೆ ಇಲ್ಲ. ಹಿಂದಿನದು, ಮುಂದಿನದು ನೋಡಿ ನಡುವಿನ ಸಂಖ್ಯೆ ತುಂಬೋಣ ಅಂದರು ಕೆಲವರು. ನಾನು ಒಪ್ಪಲಿಲ್ಲ. ಕಾಣದ್ದನ್ನು ಕಂಡೆವು ಅಂತ ಬರೆಯಬಾರದು. ಅಳತೆಗಳನ್ನು ಕಂಬಗಳಾಗಿ ತೋರಿಸುವ ನಕ್ಷೆಯಲ್ಲಿ ಆ ಜಾಗ ಖಾಲಿ ಬಿಟ್ಟು, ಕೆಳಗೆ "ಮೋಡ" ಅಂತ ಬರೆದರು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಭಾಷೆಯ ಕೆಲಸ. ಮಾಡಿದ್ದನ್ನು ಬರೆಯಿರಿ ಅಂದರೆ ಮೊದಲು ಎರಡು ಸಾಲು ಬರುತ್ತಿತ್ತು: "ಕೋಲು ನೆಟ್ಟೆವು. ನೆರಳು ಅಳೆದೆವು." ಕೆಂಪು ಶಾಯಿಯಲ್ಲಿ ತಿದ್ದಿ ಪ್ರಯೋಜನ ಇರಲಿಲ್ಲ. ಹಾಗಾಗಿ ಅವರು ಬರೆದ ಸೂಚನೆಯನ್ನು ಮೂರನೇ ತರಗತಿಯ ಮಕ್ಕಳ ಕೈಗೆ ಕೊಟ್ಟು, ಹೀಗೇ ಮಾಡಿ ಅಂದೆ. ಒಂದು ಚೀಟಿಯಲ್ಲಿ "ಕೋಲಿನಿಂದ ನೆರಳಿನ ತುದಿಯವರೆಗೆ ಅಳೆಯಿರಿ" ಅಂತಿತ್ತು. ಚಿಕ್ಕವರು ಟೇಪನ್ನು ಕೋಲಿನ ನೆತ್ತಿಗೆ ಹಿಡಿದು, ಗಾಳಿಯಲ್ಲಿ ಓರೆಯಾಗಿ ನೆರಳಿನ ತುದಿಗೆ ಎಳೆದರು. ಬರೆದ ಹುಡುಗಿ ಓಡಿಹೋಗಿ ಚೀಟಿ ವಾಪಸ್ ತೆಗೆದುಕೊಂಡು "ಕೋಲಿನ ಬುಡದಿಂದ, ನೆಲದ ಮೇಲೆ" ಅಂತ ಸೇರಿಸಿದಳು. ಅವಳ ಬರವಣಿಗೆಯಲ್ಲಿ ಆಮೇಲೆ ಎಲ್ಲಿಂದ, ಎಲ್ಲಿಗೆ ಅನ್ನುವುದು ತಪ್ಪಿದ್ದು ನಾನು ನೋಡಿಲ್ಲ.

ಸಮಾಜದ ಅವಧಿಯಲ್ಲಿ, ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಗ್ರೀಕ್ ವಿದ್ವಾಂಸ ಎರಟೋಸ್ಥನೀಸನ ಕಥೆ ಹೇಳಿದೆ. ಸುಮಾರು 2200 ವರ್ಷಗಳ ಹಿಂದೆ, ಈಜಿಪ್ಟಿನ ಸೈಯೀನ್ ಊರಿನ ಬಾವಿಯ ತಳಕ್ಕೆ ವರ್ಷದ ಒಂದು ಮಧ್ಯಾಹ್ನ ನೇರ ಬಿಸಿಲು ಬೀಳುತ್ತಿತ್ತು. ಅದೇ ಹೊತ್ತಿಗೆ ಉತ್ತರಕ್ಕಿರುವ ಅಲೆಕ್ಸಾಂಡ್ರಿಯಾ ಊರಿನಲ್ಲಿ ನೆರಳು ಇತ್ತು. ಆ ನೆರಳಿನ ಕೋನ ಇಡೀ ವೃತ್ತದ 50ರಲ್ಲಿ ಒಂದು ಭಾಗ. ಹಾಗಾದರೆ ಎರಡು ಊರಿನ ನಡುವಿನ ದೂರದ 50 ಪಟ್ಟು ಭೂಮಿಯ ಸುತ್ತಳತೆ. "ಅವರ ಹತ್ರಾನೂ ಇದ್ದಿದ್ದು ನೆರಳೇನಾ?" ಅಂತ ಒಬ್ಬ ಎರಡು ಸಲ ಕೇಳಿದ.

ಎಲ್ಲವನ್ನೂ ನೆರಳಿಗೇ ಕಟ್ಟಲು ಹೋದಾಗ ಕೆಟ್ಟದ್ದೂ ಉಂಟು. ನೆರಳಿನ ಮೇಲೆ ಒಂದು ಪದ್ಯ ಹುಡುಕಿ, ಅದರಲ್ಲಿ ದಿಕ್ಕು ಗುರುತಿಸಿ ಅಂದೆ. ಮಕ್ಕಳು ದಿಕ್ಕು ಗುರುತಿಸಿದರು, ಪದ್ಯ ಯಾರಿಗೂ ಕೇಳಿಸಲಿಲ್ಲ. ಪದ್ಯವನ್ನು ಸುಮ್ನೆ ಪದ್ಯ ಅಂತಲೇ ಓದಬೇಕು, ಜೋರಾಗಿ, ಮತ್ತೆ ಮತ್ತೆ. ಒತ್ತಕ್ಷರದ ಅಭ್ಯಾಸಕ್ಕೂ ಅದರದ್ದೇ ಹೊತ್ತು ಬೇಕು. ಇವೆರಡನ್ನೂ ಈಗ ಬೇರೆಯಾಗಿಯೇ ಇಟ್ಟಿದ್ದೇನೆ.

ಮುಂದಿನ ತಿಂಗಳು ಬೀಜದ ಪಾಠ. ಲೋಟದ ಮಣ್ಣಿನಲ್ಲಿ ಮೊಳಕೆ ಬಂದಿತ್ತು, ದಿನಾ ಎತ್ತರ ಬರೆಯಬೇಕು. ಎಲ್ಲರೂ ಪ್ಲಾಸ್ಟಿಕ್ ಸ್ಕೇಲನ್ನು ಮಣ್ಣಿನ ಮೇಲೆ ನಿಲ್ಲಿಸಿ ಓದಿದರು. ಅವತ್ತು 87 ಅಂದಿದ್ದ ಹುಡುಗ ಓದಲಿಲ್ಲ, ಸ್ಕೇಲಿನ ತುದಿಯನ್ನೇ ನೋಡುತ್ತಾ ಕುಳಿತ. "ಮಿಸ್, ಇದರ ತುದಿ ಸೊನ್ನೆ ಅಲ್ಲ. ಸೊನ್ನೆ ಸ್ವಲ್ಪ ಮೇಲೆ ಶುರುವಾಗುತ್ತೆ." ಆಮೇಲೆ ಬೇರಿಗೆ ತಾಗದ ಹಾಗೆ, ಲೋಟದ ಅಂಚಿನ ಪಕ್ಕ, ಸೊನ್ನೆಯ ಗೆರೆ ಮಣ್ಣಿನ ಮಟ್ಟಕ್ಕೆ ಬರುವವರೆಗೆ ಸ್ಕೇಲನ್ನು ನಿಧಾನವಾಗಿ ಒಳಗೆ ಒತ್ತಿದ.