ಎಲ್ಕ್ ಬೇಟೆಯಲ್ಲಿ ನೀರಿನ ಲೆಕ್ಕ

ಅಮೆರಿಕದ ಕೊಲರಾಡೋದಲ್ಲಿ ಸೆಪ್ಟೆಂಬರ್ ಅಂದರೆ ಬಿಲ್ಲು ಬಾಣದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯಾಡುವ ಕಾಲ. ಲೈಸೆನ್ಸ್ ಸಿಕ್ಕ ವರ್ಷ ನಾನು ಟೆಂಟ್ ಹೊತ್ತು 10,000 ಅಡಿ ಎತ್ತರದ ಕಾಡಿಗೆ ಹೋಗುತ್ತೇನೆ. ಗಾಡಿ ಬಿಟ್ಟ ಜಾಗದಿಂದ ಅರ್ಧ ದಿನದ ನಡಿಗೆ. ಒಂದು ಲೀಟರ್ ನೀರಿನ ತೂಕ ಒಂದು ಕೆಜಿ. ಐದು ದಿನದ ನೀರು ಹೊರೋಕಾಗುತ್ತಾ? ಅದಕ್ಕೇ ಮೊದಲು ನೀರು ಹುಡುಕಿ, ಆಮೇಲೆ ಕ್ಯಾಂಪ್ ಜಾಗ ಗೊತ್ತು ಮಾಡುತ್ತೇನೆ.

ಈ ಕೆಲಸ ಮನೆಯಲ್ಲೇ, ಮ್ಯಾಪ್ ಮುಂದೆ ಶುರು. ಬಿಡದೆ ಎಳೆದ ನೀಲಿ ಗೆರೆ ವರ್ಷವಿಡೀ ಹರಿಯುವ ತೊರೆ. ತುಂಡು ತುಂಡಾದ ಗೆರೆಯನ್ನು ನಾನು ನಂಬುವುದಿಲ್ಲ. ಹಿಮ ಕರಗುವಾಗ ಅಲ್ಲಿ ನೀರಿರುತ್ತದೆ, ಸೆಪ್ಟೆಂಬರ್‌ಗೆ ಎಷ್ಟೋ ಕಡೆ ಬರೀ ಕಲ್ಲು. ನಾನು ಬೆಳೆದ ಕೊಡಗಿನಲ್ಲಿ ಆ ತಿಂಗಳು ಎಲ್ಲಿ ಇಳಿದರೂ ನೀರು, ಇಲ್ಲಿ ಆ ಧೈರ್ಯ ಬೇಡ. ಗಂಡು ಎಲ್ಕ್ ಹೊರಳಾಡುವ ಕೆಸರುಗುಂಡಿ ಸಿಕ್ಕರೆ ಖುಷಿಯೇ. ಆದರೆ ಅದು ಉಚ್ಚೆ ಹೊಯ್ದು ಹೊರಳುವ ಜಾಗ. ಅದರ ಮೇಲ್ಗಡೆ ಒರತೆ ಇದೆಯಾ ನೋಡಿ ಅಲ್ಲಿ ತುಂಬಿಸಿಕೊಳ್ಳುತ್ತೇನೆ.

ಒರತೆ ಹತ್ತಿರ ಕೂತು ಮೊದಲು ನೀರು ಫಿಲ್ಟರ್ ಮಾಡಿ ಹೊಟ್ಟೆ ತುಂಬ ಕುಡಿಯುತ್ತೇನೆ, ಆಮೇಲೆ ಎರಡು ಬಾಟಲಿ ತುಂಬಿಸಿ ಗುಡ್ಡ ಹತ್ತುತ್ತೇನೆ. ಅಷ್ಟು ಎತ್ತರದ ಒಣ, ತಣ್ಣನೆ ಗಾಳಿಯಲ್ಲಿ ಬಾಯಾರಿಕೆ ಗೊತ್ತೇ ಆಗುವುದಿಲ್ಲ, ಉಸಿರಿನಲ್ಲೇ ನೀರು ಹೋಗುತ್ತಿರುತ್ತದೆ. ಉಚ್ಚೆ ಬಣ್ಣ ಗಾಢವಾದರೆ ಎಲ್ಕ್ ಕೂಗಿದರೂ ಸರಿ, ನಿಂತು ಕುಡಿಯುತ್ತೇನೆ. ದಿನವಿಡೀ ಬರೀ ನೀರು ಕುಡಿದರೆ ರಕ್ತದಲ್ಲಿ ಉಪ್ಪಿನಂಶ ತೆಳುವಾಗುತ್ತದೆ. ಅದಕ್ಕೆ ಒಂದು ಬಾಟಲಿಗೆ ಓಆರ್‌ಎಸ್, ಮಧ್ಯಾಹ್ನ ಚಪಾತಿಗೆ ನಿಂಬೆ ಉಪ್ಪಿನಕಾಯಿ.

ಬೆಟ್ಟದ ನೀರು ಎಷ್ಟೇ ತಿಳಿಯಾಗಿರಲಿ, ಸುಮ್ನೆ ಕುಡಿಯಬೇಡಿ. ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕಣ್ಣಿಗೆ ಕಾಣುವುದಿಲ್ಲ. ನನ್ನದು 0.1 ಮೈಕ್ರಾನ್‌ನ ಹಿಂಡುವ ಫಿಲ್ಟರ್. ಇದರ ಶತ್ರು ರಾತ್ರಿಯ ಚಳಿ. ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ನೀರು ಸೋಸುವ ಸಣ್ಣ ಎಳೆಗಳು ಸೀಳುತ್ತವೆ, ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಅದಕ್ಕೆ ಜಿಪ್ ಕವರ್‌ಗೆ ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟು ಮಲಗುತ್ತೇನೆ. ಒಮ್ಮೆ ಹೆಪ್ಪುಗಟ್ಟಿದ ಫಿಲ್ಟರ್ ಬಳಸಲೇಬೇಡಿ. ಆಗ ಕುದಿಸಬೇಕು, 6,500 ಅಡಿ ದಾಟಿದ ಮೇಲೆ ಮೂರು ನಿಮಿಷ. ನೀರು ಶುದ್ಧ ಮಾಡುವ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಯೂ ಜೇಬಿನಲ್ಲಿರುತ್ತದೆ, ಆದರೆ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಇನ್ನೊಂದು ಸೂಕ್ಷ್ಮಜೀವಿ ಸಾಯಲು ನಾಲ್ಕು ಗಂಟೆ ಕಾಯಬೇಕು. ನಳಿಗೆಯ ನೀರಿನ ಚೀಲಕ್ಕಿಂತ ಅಗಲ ಬಾಯಿಯ ಬಾಟಲಿ ನನಗಿಷ್ಟ. ನಳಿಗೆ ಬೆಳಿಗ್ಗೆ ಮಂಜುಗಡ್ಡೆ ಕಟ್ಟಿಕೊಂಡಿರುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಗಡ್ಡೆ ಮೇಲೆ ಕಟ್ಟುತ್ತದೆ, ಮುಚ್ಚಳ ಬಿಚ್ಚಬಹುದು.

ಜಾಸ್ತಿ ನೀರು ಬೇಕಾಗುವುದು ಬೇಟೆ ಸಿಕ್ಕ ಮೇಲೆ. ದೊಡ್ಡ ಗಂಡು ಎಲ್ಕ್ ಅಂದರೆ 80–90 ಕೆಜಿ ಮಾಂಸ, ಒಂದೇ ಸಲಕ್ಕೆ ಹೊರಲು ಆಗುವುದಿಲ್ಲ. ಬಿಸಿಲೇರುವ ಮೊದಲು ಸಾಗಿಸುವ ಅವಸರದಲ್ಲಿ ಕುಡಿಯುವುದೇ ಮರೆತುಹೋಗುತ್ತದೆ. ಮೊದಲ ಹೊರೆ ಇಳಿಸಿ ಬರುವಾಗ ಬೆನ್ನು ಖಾಲಿ ಇರುತ್ತದಲ್ವಾ, ಆಗ ತುಂಬಿದ ಬಾಟಲಿಗಳನ್ನು ದಾರಿಯ ನಡುವೆ ನೆರಳಲ್ಲಿಟ್ಟು ಬರುತ್ತೇನೆ. ಮುಂದಿನ ಹೊರೆಗಳಿಗೆ ಅದೇ ನೀರು. ಗಾಡಿಯಲ್ಲಿ 20 ಲೀಟರ್ ಕ್ಯಾನ್ ಕೂಡ ಇರುತ್ತದೆ, ಕೈ ತೊಳೆಯೋಕೂ ಸಾಕು.