ರವದಿಗೆ ಬೆಂಕಿ ಹಚ್ಚುವುದನ್ನು ಬಿಟ್ಟ ಮೇಲೆ

ಕಬ್ಬು ಕಟಾವಾದ ಹೊಲದಲ್ಲಿ ಉಳಿಯುವ ಒಣ ಸೋಗೆಗೆ ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಭಾಗದ ನಾವು ರವದಿ ಎನ್ನುತ್ತೇವೆ. ಕಾರ್ಖಾನೆಗಳು ಕಬ್ಬು ನುರಿಸತೊಡಗಿದ ದಿನದಿಂದ ಹಂಗಾಮು ಮುಗಿಯುವವರೆಗೂ ಘಟಪ್ರಭಾ ದಂಡೆಯ ಊರುಗಳಲ್ಲಿ ಸಂಜೆಯಾಯಿತೆಂದರೆ ಒಂದಿಲ್ಲೊಂದು ಹೊಲದಿಂದ ಹೊಗೆ ಏಳುತ್ತದೆ. ರವದಿ ಸುಟ್ಟರೆ ಹೊಲ ಒಂದೇ ರಾತ್ರಿಯಲ್ಲಿ ಹಸನಾಗುತ್ತದೆ, ಮರುದಿನವೇ ನೀರು ಹಾಯಿಸಬಹುದು, ಆಳಿನ ಖರ್ಚು ಉಳಿಯುತ್ತದೆ. ನಮ್ಮ ಮನೆತನದ ಹೊಲದಲ್ಲೂ ಇದೇ ರೂಢಿಯಿತ್ತು. ಆ ರೂಢಿಯನ್ನು ನಾನು ಹೇಗೆ ಬಿಟ್ಟೆ, ಅದರಿಂದ ಮಣ್ಣು, ನೀರು ಮತ್ತು ಗೊಬ್ಬರದ ಲೆಕ್ಕ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಡುವುದಕ್ಕೆ ಕಾರಣವಾದದ್ದು ನಾಲ್ಕು ವರ್ಷಗಳ ಅಂತರದಲ್ಲಿ ಕಂಡ ಎರಡು ವಿಪತ್ತುಗಳು. 2019ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆಗೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಒಟ್ಟಿಗೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರುಗಳನ್ನೇ ಮುಳುಗಿಸಿದವು. ಆಳೆತ್ತರದ ಕಬ್ಬು ನೀರಿನಡಿ ನಿಂತು ಸುಳಿ ಕೊಳೆತು ಹೋಯಿತು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಮಹಾಪೂರ ಮತ್ತು ಬರ ಪರಸ್ಪರ ವಿರುದ್ಧವಾದವು ಎಂದು ಕಾಣುತ್ತದೆಯಾದರೂ ಎರಡಕ್ಕೂ ಬಲ ಕೊಡುವ ಕಾರಣ ಒಂದೇ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹೀಗಾಗಿ ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ, ಬಾರದಿದ್ದಾಗ ಅದೇ ಕಾದ ಗಾಳಿ ನೆಲದ ಹಸಿಯನ್ನು ಮೊದಲಿಗಿಂತ ಬೇಗ ಹೀರುತ್ತದೆ. ಒಂದು ನಿರ್ದಿಷ್ಟ ಮಹಾಪೂರಕ್ಕೆ ಹವಾಮಾನ ಬದಲಾವಣೆಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಜಲಾಶಯಗಳಿಂದ ನೀರು ಬಿಡುವ ಸಮಯ, ನದಿಪಾತ್ರದ ಒತ್ತುವರಿ ಇವೂ ಅದರಲ್ಲಿ ಸೇರಿವೆ. ಆದರೆ ಇಂಥ ವರ್ಷಗಳು ಮತ್ತೆ ಮತ್ತೆ ಬರುತ್ತವೆ ಎಂದು ಎಣಿಸಿಯೇ ಇನ್ನು ಬೇಸಾಯ ಮಾಡಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ.

ಕೈಗಾರಿಕೆಗಳು ಬೆಳೆಯುವ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಇದರ ದೊಡ್ಡ ಪಾಲು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ನೈಸರ್ಗಿಕ ಅನಿಲಗಳನ್ನು ಉರಿಸಿದ್ದರಿಂದ ಬಂದದ್ದು. ರೈತನ ಹೊಲದಿಂದ ಬಂದದ್ದಲ್ಲ. ಆದರೂ ಹೊಲದ ಪಾಲು ಯಾವುದು ಎಂದು ಕೇಳಿಕೊಂಡಾಗ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗುತ್ತದೆ. ರವದಿ ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಆ ಕಬ್ಬೇ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದು. ಆದ್ದರಿಂದ ಅದನ್ನು ಕಲ್ಲಿದ್ದಲಿನ ಹೊಗೆಯ ಜೊತೆಗೆ ಇಟ್ಟು ತೂಗುವುದು ಸರಿಯಲ್ಲ. ನಿಜವಾದ ಹಾನಿ ಬೇರೆ ಕಡೆ ಇದೆ: ಅರೆಬರೆ ಉರಿಯುವ ರವದಿಯಿಂದ ಮೀಥೇನ್, ನೈಟ್ರಸ್ ಆಕ್ಸೈಡ್ ಮತ್ತು ಬಿಸಿಲನ್ನು ಹೀರುವ ಮಸಿ ಹೊರಬೀಳುತ್ತವೆ; ಮಣ್ಣಿಗೆ ಸೇರಬೇಕಾಗಿದ್ದ ಇಂಗಾಲ ಸೇರದೆ ಹೋಗುತ್ತದೆ; ಸುಟ್ಟುಹೋದ ಸಾರಜನಕಕ್ಕೆ ಬದಲಾಗಿ ನಾವು ಮತ್ತೆ ಯೂರಿಯಾ ತಂದು ಸುರಿಯುತ್ತೇವೆ.

ಈ ಕೊನೆಯ ಅಂಶವೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಒಂದು ಎಕರೆ ಕಬ್ಬಿನಿಂದ ಮೂರೂವರೆ ಟನ್‌ನಷ್ಟು ರವದಿ ಬರುತ್ತದೆ ಎಂದುಕೊಳ್ಳೋಣ. ಅದರಲ್ಲಿ ಶೇ 0.4ರಷ್ಟು ಸಾರಜನಕವಿದ್ದರೂ 14 ಕೆ.ಜಿ. ಆಯಿತು, ಶೇ 46 ಸಾರಜನಕವಿರುವ 45 ಕೆ.ಜಿ.ಯ ಯೂರಿಯಾ ಚೀಲದ ಮೂರನೇ ಎರಡು ಭಾಗಕ್ಕೆ ಇದು ಸಮ. ಬೆಂಕಿ ಹಚ್ಚಿದರೆ ಬೂದಿಯಲ್ಲಿ ಪೊಟ್ಯಾಷ್ ಉಳಿದೀತು, ಸಾರಜನಕ ಮತ್ತು ಗಂಧಕದ ಬಹುಪಾಲು ಗಾಳಿಗೆ ಹೋಗುತ್ತದೆ. ಯೂರಿಯಾವನ್ನು ತಯಾರಿಸುವುದಕ್ಕೆ ನೈಸರ್ಗಿಕ ಅನಿಲ ಬೇಕು. ಮಣ್ಣಿಗೆ ಹಾಕಿದ ಮೇಲೆ ಅದರ ಸಾರಜನಕದ ನೂರರಲ್ಲಿ ಸುಮಾರು ಒಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ ಎಂಬುದು ಸಾಮಾನ್ಯವಾಗಿ ಹಿಡಿಯುವ ಅಂದಾಜು. ಈ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡ್‌ಗಿಂತ 270 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಎಕರೆಗೆ 100 ಕೆ.ಜಿ. ಸಾರಜನಕ ಕೊಟ್ಟ ಹೊಲದಿಂದ ಒಂದೂವರೆ ಕೆ.ಜಿ. ನೈಟ್ರಸ್ ಆಕ್ಸೈಡ್ ಎದ್ದರೂ ಅದು 400 ಕೆ.ಜಿ.ಗೂ ಮೀರಿದ ಇಂಗಾಲದ ಡೈಆಕ್ಸೈಡ್‌ಗೆ ಸಮನಾಗುತ್ತದೆ. ಕಣ್ಣಿಗೆ ಕಾಣುವ ಹೊಗೆಯಷ್ಟೇ ಕಾಣದ ಈ ಗಾಳಿಯನ್ನೂ ನಾವು ಗಮನಿಸಬೇಕು.

ಇನ್ನು ಕೆಲಸದ ವಿಷಯ. ಕಟಾವಿನವರಿಗೆ ಕಬ್ಬನ್ನು ನೆಲಕ್ಕೆ ಹತ್ತಿಸಿ ಕಡಿಯುವಂತೆ ಮೊದಲೇ ಹೇಳಿಡುತ್ತೇನೆ. ಬೊಡ್ಡೆ ಎತ್ತರ ಉಳಿದರೆ ಮೇಲಿನ ಕಣ್ಣುಗಳಿಂದ ಬಡಕಲು ಮರಿಗಳು ಒಡೆದು ಕುಳೆ ಬೆಳೆ, ಅಂದರೆ ಕಡಿದ ಬೊಡ್ಡೆಯಿಂದಲೇ ಮತ್ತೆ ಚಿಗುರುವ ಕಬ್ಬು, ಹಾಳಾಗುತ್ತದೆ. ಕಡಿದು ಮುಗಿದ ಕೂಡಲೇ ಬೊಡ್ಡೆಗಳ ಮೇಲೆ ಬಿದ್ದ ರವದಿಯನ್ನು ಸರಿಸಿ ಸಾಲುಗಳ ನಡುವಿನ ಜಾಗಕ್ಕೆ ಎಳೆಯಿಸುತ್ತೇನೆ. ಬೊಡ್ಡೆಗೆ ಬಿಸಿಲು ತಾಕದಿದ್ದರೆ ಮರಿ ಸರಿಯಾಗಿ ಬರುವುದಿಲ್ಲ. ಅಗಲವಾದ ಸಾಲು ಬಿಟ್ಟು ನಾಟಿ ಮಾಡಿದವರಿಗೆ ಈ ಕೆಲಸ ಸುಲಭ. ಹಳೆಯ ಪದ್ಧತಿಯಲ್ಲಿ ಸಾಲುಗಳು ಒತ್ತಾಗಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ತುಂಬುವುದೇ ಅನುಕೂಲ. ಎತ್ತರ ಉಳಿದ ಬೊಡ್ಡೆಗಳನ್ನು ಕಟಾವಾದ ವಾರದೊಳಗೆ ಹರಿತವಾದ ಕುಡುಗೋಲಿನಿಂದ ನೆಲಮಟ್ಟಕ್ಕೆ ಸವರಬೇಕು. ಟ್ರ್ಯಾಕ್ಟರ್‌ಗೆ ಜೋಡಿಸಿ ರವದಿಯನ್ನು ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕ ವರ್ಷ ಎರಡೂ ಕೆಲಸ ಬೇಗ ಮುಗಿಯುತ್ತವೆ.

ರವದಿಯನ್ನು ಹಾಗೆಯೇ ಬಿಟ್ಟರೆ ಅದು ಕೊಳೆಯಲು ಬಹಳ ಕಾಲ ಹಿಡಿಯುತ್ತದೆ. ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ಅತಿ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುವುದರಿಂದ ಕುಳೆಯ ಮರಿಗಳು ಹಳದಿಯಾಗುತ್ತವೆ. ಇದನ್ನು ಕಂಡು ಹೆದರಿ ಮರುವರ್ಷ ಮತ್ತೆ ಬೆಂಕಿಯ ದಾರಿ ಹಿಡಿದ ರೈತರು ಅನೇಕರಿದ್ದಾರೆ. ಪರಿಹಾರ ಕಷ್ಟದ್ದೇನಲ್ಲ. ರವದಿಯ ಮೇಲೆ ಎಕರೆಗೆ ಸುಮಾರು 30 ಕೆ.ಜಿ. ಯೂರಿಯಾ, 40 ಕೆ.ಜಿ. ಸೂಪರ್ ಫಾಸ್ಫೇಟ್ ಎರಚಿ, ಕೊಳೆಸುವ ಜೀವಾಣುಗಳ ಕಲ್ಚರ್ 4 ಕೆ.ಜಿ.ಯನ್ನು ಸಗಣಿ ರಾಡಿಯಲ್ಲಿ ಕಲಸಿ ಚೆಲ್ಲಿ, ನಂತರ ನೀರು ಕೊಡುತ್ತೇನೆ. ಈ ಯೂರಿಯಾ ಹೆಚ್ಚುವರಿಯಲ್ಲ, ಬೆಳೆಗೆ ಕೊಡಬೇಕಾದ ಒಟ್ಟು ಪ್ರಮಾಣದಲ್ಲೇ ಮೊದಲ ಕಂತು. ರವದಿ ಮೆತ್ತಗಾಗಿ ಮಣ್ಣಿಗೆ ಅಂಟಿಕೊಂಡಿತೆಂದರೆ ಮುಂದಿನ ಕೆಲಸ ಎರೆಹುಳು ನೋಡಿಕೊಳ್ಳುತ್ತದೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತಿತ್ತು. ರವದಿ ಮುಚ್ಚಿದ ಸಾಲುಗಳಲ್ಲಿ ಏಪ್ರಿಲ್‌ನಲ್ಲೂ ಕೈಯಿಂದ ಕೆದಕಿದರೆ ಹಸಿ ಸಿಗುತ್ತದೆ. ನೆಲಕ್ಕೆ ಕೌದಿ ಹೊದಿಸಿದಂತೆ ಎಂದು ನಮ್ಮ ಮನೆಯ ಹಿರಿಯರೊಬ್ಬರು ಹೇಳಿದ್ದು ಸರಿಯಾಗಿದೆ.

ಹಸಿ ನಿಲ್ಲುವುದೆಂದರೆ ಮೋಟಾರು ಓಡುವ ತಾಸು ಕಡಿಮೆಯಾಗುವುದು. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಬಿಲ್ ಇಲ್ಲದ್ದರಿಂದ ಈ ಉಳಿತಾಯ ನಮ್ಮ ಕಿಸೆಗೆ ತಿಳಿಯುವುದಿಲ್ಲ. ಆದರೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ 2400 ಮೆಗಾವ್ಯಾಟ್‌ನ ಸ್ಥಾವರ ಕಲ್ಲಿದ್ದಲು ಉರಿಸಿಯೇ ವಿದ್ಯುತ್ ತಯಾರಿಸುತ್ತದೆ ಎಂಬುದನ್ನು ನೆನೆದರೆ, ಬಿಲ್ ಬಾರದಿದ್ದರೂ ಹೊಗೆ ಏಳುತ್ತದೆ ಎಂಬುದು ಮನಸ್ಸಿಗೆ ಬರುತ್ತದೆ. ಕರೆಂಟ್ ಬಂದಾಗ ಮೋಟಾರು ಚಾಲೂ ಮಾಡಿ ಮಲಗುವ ರೂಢಿಯಿಂದ ನೀರು, ವಿದ್ಯುತ್ತು ಎರಡೂ ಪೋಲಾಗುವುದಲ್ಲದೆ ಹೊಲವೂ ಸವಳು–ಜವಳಾಗುತ್ತದೆ. ಕಾಲುವೆ ನೀರಾವರಿಯ ಎಷ್ಟೋ ಫಲವತ್ತಾದ ಭೂಮಿ ಹೀಗೆ ಬಿಳಿಯ ಉಪ್ಪು ಕಾರಿ ಕೂತಿರುವುದನ್ನು ನಾನು ನೋಡುತ್ತಲೇ ಇದ್ದೇನೆ. ಹನಿ ನೀರಾವರಿ ಹಾಕಿಸಿದ ಮೇಲೆ ಗೊಬ್ಬರವನ್ನೂ ಅದೇ ಕೊಳವೆಯಲ್ಲಿ ಸಣ್ಣ ಸಣ್ಣ ಕಂತುಗಳಲ್ಲಿ ಬೇರಿನ ಬುಡಕ್ಕೆ ಕೊಡುತ್ತಿದ್ದೇನೆ. ಯೂರಿಯಾದ ಖರ್ಚು ವರ್ಷದಿಂದ ವರ್ಷಕ್ಕೆ ಇಳಿದಿದೆ, ಇಳುವರಿ ಇಳಿದಿಲ್ಲ.

ತೊಡಕುಗಳೂ ಇವೆ. ಕಡಿಯುವ ಮೊದಲೇ ಬೆಂಕಿ ಹಚ್ಚಿ ಸೋಗೆ ಸುಡದ ಕಬ್ಬನ್ನು ಕಡಿಯಲು ಕಟಾವಿನ ಗ್ಯಾಂಗಿನವರು ಹಿಂದೇಟು ಹಾಕುತ್ತಾರೆ. ಸೋಗೆಯ ಅಂಚು ಕೈ, ಮುಖ ಕೊಯ್ಯುತ್ತದೆ, ಹಾವಿನ ಭಯ ಬೇರೆ. ಗ್ಯಾಂಗಿನ ಮುಕಾದಮ ಒಬ್ಬರು, “ಕಾಕಾ, ಬೆಂಕಿ ಹಚ್ಚಿ ಕೊಡ್ರಿ, ಎರಡು ದಿನದಾಗ ಮುಗಸ್ತೀವಿ” ಎಂದು ಕೇಳಿದಾಗ ಅವರ ಮಾತಿನಲ್ಲಿ ನ್ಯಾಯವಿತ್ತು. ಸುಡದ ಕಬ್ಬಿಗೆ ಅವರ ಶ್ರಮ ಹೆಚ್ಚು, ಆ ಶ್ರಮಕ್ಕೆ ಹೆಚ್ಚಿನ ಕೂಲಿ ಸಲ್ಲಬೇಕು. ನಾನು ಅದನ್ನು ಮೊದಲೇ ಮಾತಾಡಿ ಕೊಡುತ್ತೇನೆ. ಈ ಹೊರೆಯನ್ನು ರೈತನೊಬ್ಬನೇ ಹೊರುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸುಡದ ಕಬ್ಬಿಗೆ ಟನ್ನಿಗೆ ಇಷ್ಟು ಎಂದು ಪ್ರೋತ್ಸಾಹಧನ ಕೊಟ್ಟು, ಹಂಗಾಮಿನಲ್ಲಿ ರವದಿ ಪುಡಿ ಮಾಡುವ ಯಂತ್ರಗಳು ಊರಿಗೊಂದರಂತೆ ಬಾಡಿಗೆಗೆ ಸಿಗುವಂತಾದರೆ, ಉಪದೇಶವಿಲ್ಲದೆಯೇ ಬಹಳಷ್ಟು ಹೊಲಗಳ ಬೆಂಕಿ ಆರುತ್ತದೆ.

ಎರಡನೆಯದು ಪಕ್ಕದ ಹೊಲದ ಬೆಂಕಿ. ಒಣ ರವದಿ ಹಾಸಿದ ಹೊಲಕ್ಕೆ ಒಂದು ಕಿಡಿ ಸಾಕು. ಬದುವಿನ ಸುತ್ತ ನಾಲ್ಕೈದು ಮಾರು ಅಗಲದ ಜಾಗದಲ್ಲಿ ರವದಿ ಇಲ್ಲದಂತೆ ಗಳೆ ಹೊಡೆದು, ಅಕ್ಕಪಕ್ಕದವರಿಗೆ ಬೆಂಕಿ ಹಚ್ಚುವ ಮೊದಲು ತಿಳಿಸುವಂತೆ ಕೇಳಿಕೊಂಡಿದ್ದೇನೆ. ಇಲಿ, ಹೆಗ್ಗಣ ಮತ್ತು ಗೆದ್ದಲಿನ ಕಾಟ ಮೊದಲ ವರ್ಷ ಸ್ವಲ್ಪ ಹೆಚ್ಚಿರುತ್ತದೆ, ರವದಿ ಬೇಗ ಕೊಳೆತಷ್ಟೂ ಅದು ತಗ್ಗುತ್ತದೆ.

ಎಲ್ಲ ಹೊಲಕ್ಕೂ ಒಂದೇ ಪದ್ಧತಿ ಹೊಂದುವುದಿಲ್ಲ. ಹೊಳೆಗೆ ಹತ್ತಿರವಿರುವ, ಮಳೆಗಾಲದಲ್ಲಿ ನೀರು ನಿಲ್ಲುವ ತುಂಡಿನಲ್ಲಿ ನಾನು ರವದಿ ಹಾಸುವುದಿಲ್ಲ. ನೀರಿನಡಿ, ಗಾಳಿಯಾಡದ ಕಡೆ ಅದು ಕೊಳೆತರೆ ಮೀಥೇನ್ ಏಳುತ್ತದೆ, ಬೇರಿಗೂ ಹಾನಿ. ಮಹಾಪೂರ ಬಂದರೆ ತೇಲಿ ಹೋಗಿ ಕಾಲುವೆಯ ಬಾಯಿ ಕಟ್ಟುತ್ತದೆ. ಅಲ್ಲಿಯ ರವದಿಯನ್ನು ಎತ್ತರದ ಹೊಲಕ್ಕೆ ಸಾಗಿಸಿ, ಸಗಣಿಯೊಂದಿಗೆ ಪದರ ಪದರವಾಗಿ ಒಟ್ಟಿ, ಆಗಾಗ ಮಗುಚಿ ಗೊಬ್ಬರ ಮಾಡಿಕೊಳ್ಳುತ್ತೇನೆ. ಆ ಗೊಬ್ಬರ ಮುಂದಿನ ನಾಟಿಯ ಸಾಲಿಗೆ ಹೋಗುತ್ತದೆ.